ಫುಟ್‌ಬಾಲ್ ರೆಫರಿ ಆಗೋಕೆ ಬೆಳಗಾವಿಯಲ್ಲಿ ಎಲ್ಲಿ ಕಲಿಯಬೇಕು?

“ಸರ, ರೆಫರಿ ಆಗಬೇಕಂದ್ರ ಎಲ್ಲಿ ಟ್ರೇನಿಂಗ್ ತಗೋಬೇಕ್ರಿ?” ಬೆಳಗಾವಿಯ ಮೈದಾನಗಳಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ. ಮೊಣಕಾಲಿಗೆ ಪೆಟ್ಟಾಗಿ ಆಟ ಬಿಟ್ಟವರಿದ್ದಾರೆ. ಪಿ.ಟಿ. ಮಾಸ್ತರರಿದ್ದಾರೆ. ಈಚೆಗೆ ಹುಡುಗಿಯರೂ ಕೇಳುತ್ತಿದ್ದಾರೆ, ಅದು ನನಗೆ ತುಂಬಾ ಖುಷಿ. ನಿಂತಲ್ಲೇ ಎರಡು ಮಾತು ಹೇಳಿ ಕಳಿಸಿದರೆ ಸಾಲದು ಅನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೇರ ಉತ್ತರ. ರೆಫರಿಗಳ ಕೋರ್ಸ್ ಮತ್ತು ಪರೀಕ್ಷೆ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕೈಯಲ್ಲಿದೆ. ನಮಗೆ ಅಂದರೆ ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿರುವ ಕೆಎಸ್‌ಎಫ್‌ಎ (ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ). ನೋಟಿಸ್ ಬಂದಾಗ ತಿಳಿಯಬೇಕಾದರೆ ಇಲ್ಲಿನ ಜಿಲ್ಲಾ ಸಂಸ್ಥೆಯವರಿಗೆ ಈಗಲೇ ಹೆಸರು, ಫೋನ್ ನಂಬರ್ ಕೊಟ್ಟಿಡಿ. ಕೋರ್ಸ್‌ನಲ್ಲಿ ತರಗತಿ ಇರುತ್ತದೆ, ಲಿಖಿತ ಪರೀಕ್ಷೆ ಇರುತ್ತದೆ, ಓಟದ ಪರೀಕ್ಷೆ ಇರುತ್ತದೆ. ಪಾಸಾದವರು ಕೆಳಗಿನ ಕೆಟಗರಿಯಿಂದ ಶುರು ಮಾಡುತ್ತಾರೆ. ಮೇಲೆ ಹೋದ ಹಾಗೆ ಅಂಕಿ ಇಳಿಯುತ್ತದೆ. ಕೆಟಗರಿ 1 ಅಂದರೆ ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್) ರಾಷ್ಟ್ರೀಯ ರೆಫರಿ. ಅದರ ಮೇಲಿನದು ಅಂತರರಾಷ್ಟ್ರೀಯ ಮ್ಯಾಚ್ ನಡೆಸುವವರ ಫಿಫಾ ಬ್ಯಾಡ್ಜ್. ಅದಕ್ಕೆ ರೆಫರಿಗೆ ಕನಿಷ್ಠ 25 ವರ್ಷ, ಗೆರೆಯ ಬಳಿ ಫ್ಲ್ಯಾಗ್ ಹಿಡಿಯುವ ಅಸಿಸ್ಟೆಂಟ್ ರೆಫರಿಗೆ 23 ವರ್ಷ ಆಗಿರಬೇಕು. ಕೋರ್ಸ್ ಬೆಂಗಳೂರಿನಲ್ಲಿ ಬಿದ್ದರೆ ಸಂಜೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ಅಲ್ಲಿರುತ್ತೀರಿ.

ಪ್ರಶ್ನೆ ಕೇಳಿದವರು ಇಷ್ಟು ಕೇಳಿಕೊಂಡು ಹೊರಡುತ್ತಾರೆ. ನನಗೆ ಹೇಳಬೇಕಾಗಿರುವುದು ಇನ್ನೂ ಇದೆ. ಕೋರ್ಸ್ ಮುಗಿಸಿದವರು ನಮ್ಮ ಭಾಗದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಎರಡು ಸೀಸನ್ ಕಳೆದ ಮೇಲೂ ಸೀಟಿ ಹಿಡಿದು ನಿಂತವರು ಬಹಳ ಕಡಿಮೆ. ಅವರಿಗೆ ಆಸೆ ಇರಲಿಲ್ಲ ಅಂತಲ್ಲ. ಮೊದಲ ವರ್ಷ ಮೈದಾನದಲ್ಲಿ ಅವರ ಬೆನ್ನಿಗೆ ಯಾರೂ ಇರಲಿಲ್ಲ. ಟ್ರೇನಿಂಗ್ ಎಲ್ಲಿ ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಇಷ್ಟೇ: ನಿನ್ನ ಮ್ಯಾಚ್ ನೋಡೋಕೆ ಯಾರು ಬರ್ತಾರಪ್ಪ?

ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಮನೆಯಲ್ಲೇ ಮಾಡಿಕೊಳ್ಳಬಹುದಾದ ಎರಡು ಕೆಲಸ ಇವೆ.

ಒಂದು ಓಟ. ಫಿಫಾ ಮಟ್ಟದ ಪುರುಷ ರೆಫರಿಗಳ ಪರೀಕ್ಷೆ ಹೇಗಿರುತ್ತದೆ ಗೊತ್ತಾ? ಮೊದಲು 40 ಮೀಟರ್ ಸ್ಪ್ರಿಂಟ್ ಆರು ಸಲ, ಪ್ರತಿಸಲ 6 ಸೆಕೆಂಡ್ ಒಳಗೆ. ಆಮೇಲೆ 75 ಮೀಟರ್ ಓಟ 15 ಸೆಕೆಂಡಿನಲ್ಲಿ, 25 ಮೀಟರ್ ನಡಿಗೆ 18 ಸೆಕೆಂಡಿನಲ್ಲಿ. ಹೀಗೆ ನಲವತ್ತು ಸಲ. ಒಟ್ಟು 4000 ಮೀಟರ್, ಸುಮಾರು 22 ನಿಮಿಷ. ಹೊಸಬರಿಗೆ ಇಷ್ಟು ಕಠಿಣ ಇರುವುದಿಲ್ಲ, ಆದರೆ ಅಭ್ಯಾಸದ ದಾರಿ ಇದೇ. ಇದಕ್ಕೆ ಸಿಂಥೆಟಿಕ್ ಟ್ರ್ಯಾಕ್ ಬೇಕಂತಿಲ್ಲ. ಬೆಳಿಗ್ಗೆ ವ್ಯಾಕ್ಸಿನ್ ಡಿಪೋ ಕಡೆ ಹೋಗಿ, 75 ಮೀಟರ್ ಅಳೆದು ಎರಡು ಕಲ್ಲು ಇಡಿ, ಫೋನ್‌ನಲ್ಲಿ ಟೈಮರ್ ಹಾಕಿ. ಸುಮ್ನೆ ನಿಧಾನಕ್ಕೆ ಐದು ಕಿಲೋಮೀಟರ್ ಜಾಗಿಂಗ್ ಮಾಡಿದರೆ ರೆಫರಿಗೆ ಬೇಕಾದ ದಮ್ಮು ಬರುವುದಿಲ್ಲ. ಮ್ಯಾಚ್‌ನಲ್ಲಿ ಓಡಿ, ನಿಂತು, ನಡೆದು, ಮತ್ತೆ ಓಡಬೇಕಾಗುತ್ತದೆ.

ಇನ್ನೊಂದು ಓದು. ಆಟದ ನಿಯಮಗಳು ಹದಿನೇಳೇ. 1886ರಲ್ಲಿ ಶುರುವಾದ ಐಎಫ್‌ಎಬಿ ಅನ್ನುವ ಅಂತರರಾಷ್ಟ್ರೀಯ ಮಂಡಳಿ ಅವುಗಳನ್ನು ನೋಡಿಕೊಳ್ಳುತ್ತದೆ. ಪುಸ್ತಕ ಅವರ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಆ್ಯಪ್ ಕೂಡ ಇದೆ. ಇಂಗ್ಲಿಷ್ ನೋಡಿ ಹೆದರಬೇಡಿ. ನಾಲ್ಕು ಜನ ಕೂತು, ವಾರಕ್ಕೊಂದು ನಿಯಮ ಎತ್ತಿಕೊಂಡು, ಕನ್ನಡದಲ್ಲೋ ಮರಾಠಿಯಲ್ಲೋ ಜಗಳ ಆಡುತ್ತಾ ಓದಿ. ತಲೆಗೆ ಹೋಗುತ್ತದೆ. ತಿದ್ದುಪಡಿಗಳು ಸಾಮಾನ್ಯವಾಗಿ ಜುಲೈ 1ರಿಂದ ಜಾರಿಗೆ ಬರುತ್ತವೆ, ಹಾಗಾಗಿ ಹಳೇ ಪುಸ್ತಕ ನಂಬಿ ಕೂರಬೇಡಿ. ಗೋಲ್‌ಕೀಪರ್ ಚೆಂಡು ಹಿಡಿದು ಎಷ್ಟು ಹೊತ್ತು ನಿಲ್ಲಬಹುದು ಅನ್ನುವುದನ್ನೇ ನೋಡಿ. ಮೊದಲು 6 ಸೆಕೆಂಡ್, ಮೀರಿದರೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಅದರಿಂದ ನೇರವಾಗಿ ಗೋಲ್ ಹೊಡೆಯೋಕೆ ಆಗಲ್ಲ). 2025ರ ತಿದ್ದುಪಡಿಯ ಪ್ರಕಾರ 8 ಸೆಕೆಂಡ್, ಮೀರಿದರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸಬೇಕು. ಹಳ್ಳಿಯ ಟೂರ್ನಿಯಲ್ಲಿ ಇದನ್ನು ಮೊದಲ ಸಲ ಕೊಟ್ಟಾಗ ಇಡೀ ತಂಡ ಮೈಮೇಲೆ ಬರುತ್ತದೆ. ಟಾಸ್ ಹಾಕುವಾಗಲೇ ಎರಡೂ ಕ್ಯಾಪ್ಟನ್‌ಗಳಿಗೆ ಹೇಳಿಬಿಡಿ.

ಈಗ ಮುಖ್ಯ ವಿಷಯ. ಹೊಸ ರೆಫರಿಯ ಮ್ಯಾಚ್‌ಗೆ ಒಬ್ಬ ಹಿರಿಯ ರೆಫರಿ ಬಂದು ಗೆರೆಯ ಆಚೆ ನಿಂತು ನೋಡಬೇಕು. ಹಾಫ್‌ಟೈಮ್‌ನಲ್ಲಿ ಒಂದೇ ಒಂದು ಮಾತು ಹೇಳಬೇಕು, ಉಳಿದದ್ದು ಮ್ಯಾಚ್ ಆದ ಮೇಲೆ, ಚಹಾ ಕುಡಿಯುತ್ತಾ. ತರಗತಿಯಲ್ಲಿ ಕಲಿಸೋಕೆ ಆಗದ್ದು ಅಲ್ಲಿ ಕಲಿಯುತ್ತಾರೆ. ಸೀಟಿಯನ್ನೇ ತಗೊಳ್ಳಿ. ಹೊಸಬರು ಎಲ್ಲದಕ್ಕೂ ಒಂದೇ ಥರ, ಸಣ್ಣಗೆ “ಪೀ” ಅಂತಾರೆ. ಚೆಂಡು ಕಣ್ಣಿಗೆ ಕಾಣುವ ಹಾಗೆ ಗೆರೆ ದಾಟಿದ್ದರೆ ಸೀಟಿಯೇ ಬೇಡ, ಥ್ರೋ ಯಾರದು ಅಂತ ಕೈ ತೋರಿಸಿದರೆ ಸಾಕು. ಸಣ್ಣ ಫೌಲ್‌ಗೆ ಚಿಕ್ಕ ಸೀಟಿ. ಹಿಂದಿನಿಂದ ಬಂದು ಕಾಲಿಗೆ ಹೊಡೆದವನಿಗೆ ಮಾತ್ರ ಇಡೀ ಮೈದಾನ ತಿರುಗಿ ನೋಡುವ ಹಾಗೆ ಗಟ್ಟಿಯಾಗಿ, ಉದ್ದಕ್ಕೆ ಊದಬೇಕು. ಊದಿದ ತಕ್ಷಣ ಆ ಜಾಗದ ಕಡೆ ಓಡಬೇಕು. ಮೂವತ್ತು ಮೀಟರ್ ದೂರ ನಿಂತು ಕೊಟ್ಟ ಸರಿಯಾದ ತೀರ್ಪನ್ನೂ ಆಟಗಾರರು ನಂಬುವುದಿಲ್ಲ. ಲೇಲೆ ಮೈದಾನದಲ್ಲಿ ಮಳೆಗಾಲದಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ. ಕೆಸರಲ್ಲಿ ಜಾರಿ ಬಿದ್ದವನು ಯಾರು, ಬೀಳಿಸಿಕೊಂಡವನು ಯಾರು ಅಂತ ತಿಳಿಯಬೇಕಾದರೆ ಹತ್ತಿರವೇ ಇರಬೇಕು.

ಹಿರಿಯರು ಅಲ್ಲಿರಬೇಕಾದ ಇನ್ನೊಂದು ಕಾರಣ ಬೈಗುಳ. ಮಕ್ಕಳ ಮ್ಯಾಚ್‌ನಿಂದ ಶುರು ಮಾಡು, ಸಲೀಸು ಅಂತ ಎಲ್ಲರೂ ಹೇಳುತ್ತಾರೆ. ಮಕ್ಕಳು ಸಲೀಸೇ. ಹೊರಗೆ ನಿಂತ ಅಪ್ಪಂದಿರು ಅಲ್ಲ. ಹದಿನೆಂಟು ವರ್ಷದ ಹುಡುಗ ಮೂರು ಭಾಷೆಯಲ್ಲಿ ಬೈಸಿಕೊಂಡು ಒಬ್ಬನೇ ಬೈಕ್ ಹತ್ತಿ ಮನೆಗೆ ಹೋದರೆ, ಮುಂದಿನ ಭಾನುವಾರ ಯಾಕೆ ಬರಬೇಕು ಹೇಳಿ? ಪಕ್ಕದಲ್ಲಿ ಗೊತ್ತಿರುವ ಒಬ್ಬರು ನಿಂತಿದ್ದರೆ ಅರ್ಧ ಬಾಯಿ ಮುಚ್ಚಿಹೋಗುತ್ತವೆ. ಕೆಟ್ಟ ಮಾತಾಡಿದ ಆಟಗಾರನಿಗೆ ಹನ್ನೆರಡನೇ ನಿಯಮದಲ್ಲೇ ರೆಡ್ ಕಾರ್ಡ್ ಇದೆ. ಕೊಟ್ಟ ಮೇಲೆ ಅದೇ ರಾತ್ರಿ ವರದಿ ಬರೆಯಬೇಕು: ಎಷ್ಟನೇ ನಿಮಿಷ, ಯಾವ ನಂಬರ್, ಆಡಿದ ಮಾತು ಇದ್ದದ್ದು ಇದ್ದ ಹಾಗೆ. ಈ ವರದಿ ಬರೆಯುವುದನ್ನು ಕೂತು ಕಲಿಸುವ ಹಿರಿಯರು ಸಿಕ್ಕರೆ ಅದಕ್ಕಿಂತ ದೊಡ್ಡ ಬೆಂಬಲ ಇಲ್ಲ.

ನಮಗೆ ಇನ್ನೊಂದು ಅನುಕೂಲ ಇದೆ, ಯಾರೂ ಬಳಸಿಕೊಳ್ಳುತ್ತಿಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ಫುಟ್‌ಬಾಲ್ ಅಂದರೆ ಜೀವ. ಒಂದು ದಿನ ಮಡಗಾಂವ್‌ನ ಫತೋರ್ಡಾ ಸ್ಟೇಡಿಯಂಗೆ ಹೋಗಿ, ತೊಂಬತ್ತು ನಿಮಿಷ ಚೆಂಡು ಬಿಟ್ಟು ರೆಫರಿಯನ್ನೇ ನೋಡಿ. ಯಾವಾಗ ವೇಗ ಹೆಚ್ಚಿಸುತ್ತಾರೆ, ಕಾರ್ನರ್ ಕಿಕ್‌ಗೆ ಎಲ್ಲಿ ನಿಲ್ಲುತ್ತಾರೆ, ಅಸಿಸ್ಟೆಂಟ್ ಕಡೆ ಎಷ್ಟು ಸಲ ಕಣ್ಣು ಹಾಯಿಸುತ್ತಾರೆ. ಹುಡುಗಿಯರಿಗೆ ನಾನು ಹೇಳುವ ಹೆಸರೂ ಗೋವಾದ್ದೇ. ಊವೆನಾ ಫೆರ್ನಾಂಡಿಸ್ 2016ರಲ್ಲಿ ಜೋರ್ಡಾನ್‌ನಲ್ಲಿ ನಡೆದ 17 ವರ್ಷದೊಳಗಿನ ಮಹಿಳೆಯರ ವಿಶ್ವಕಪ್‌ಗೆ ಅಸಿಸ್ಟೆಂಟ್ ರೆಫರಿಯಾಗಿ ಹೋದವರು. ಫಿಫಾ ಬ್ಯಾಡ್ಜ್ ಪಡೆದ ರೂಪಾ ದೇವಿ ತಮಿಳುನಾಡಿನ ದಿಂಡಿಗಲ್‌ನವರು, ಅದೂ ರಾಜಧಾನಿಯಲ್ಲ, ನಮ್ಮ ಹಾಗೆ ಒಂದು ಜಿಲ್ಲಾ ಕೇಂದ್ರ.

ಟೂರ್ನಿ ನಡೆಸುವವರಿಗೂ ಎರಡು ಮಾತು. ಹೊಸಬರಿಗೆ ಲೈನ್ (ಅಂದರೆ ಅಸಿಸ್ಟೆಂಟ್ ರೆಫರಿ ಕೆಲಸ) ಕೊಡುವಾಗ ನಡುವೆ ಅನುಭವಿ ರೆಫರಿಯನ್ನು ಹಾಕಿ. ದುಡ್ಡು ಆಯಾ ದಿನವೇ ಕೈಗೆ ಕೊಡಿ. ಹುಡುಗಿಯರಿಗೆ ಬಟ್ಟೆ ಬದಲಿಸೋಕೆ ಚಿಲಕ ಇರುವ ಒಂದು ಕೋಣೆ ಬೇಕು, ಫೈನಲ್‌ಗೆ ಪೆಂಡಾಲ್ ಹಾಕುವವರಿಗೆ ಅದೇನು ಕಷ್ಟ ಅಲ್ವಾ?

ಇನ್ನು ಕೋರ್ಸ್ ನೋಟಿಸ್ ಬರುವವರೆಗೆ ಕಾಯೋಕೆ ಆಗದವರು ಮಳೆಗಾಲದ ಮ್ಯಾಚ್‌ಗಳು ಶುರುವಾದ ಮೇಲೆ ಲೇಲೆ ಮೈದಾನಕ್ಕೆ ಬನ್ನಿ. ಕರಿ ಶಾರ್ಟ್ಸ್, ಬೂಟು, ಒಂದು ವಾಚು ತನ್ನಿ. ಫ್ಲ್ಯಾಗ್ ನಾವು ಕೊಡುತ್ತೇವೆ, ಪ್ರಾಕ್ಟೀಸ್ ಮ್ಯಾಚ್‌ಗೆ ಲೈನ್ ನಿಲ್ಲುವಿರಂತೆ.