‘ಸೇಫ್’ ಅನ್ನಬೇಡಿ, ಸೆಕೆಂಡ್ ಎಣಿಸಿ

ವೇಗದ ರೈಲು ಓಡುವ ಹಳಿಯ ಪಕ್ಕದ ಊರುಗಳಲ್ಲಿ ಸುರಕ್ಷತಾ ಸಭೆ ಮಾಡುವವರಿಗೆ ಎದುರಾಗುವ ಪ್ರಶ್ನೆ ಇದು: ‘ಎಮ್ಮೆ ಅಡ್ಡ ಬಂದ್ರೇ ಮೂತಿ ಒಡ್ಕೊಳ್ಳೋ ಗಾಡಿನ ಹೆಂಗ್ ಸ್ವಾಮಿ ನಂಬೋದು?’ 2022ರ ಅಕ್ಟೋಬರ್ 6ರಂದು ಮುಂಬೈ–ಗಾಂಧಿನಗರ ವಂದೇ ಭಾರತ್‌ಗೆ ಹಾಗಾಗಿತ್ತು. ಆ ಮೂತಿ ಬರೀ ಫೈಬರ್ ಹೊದಿಕೆ, ಕಿತ್ತು ಬೇರೆ ಹಾಕಲೆಂದೇ ಮಾಡಿದ್ದು. ಮರುದಿನವೇ ಗಾಡಿ ಓಡಿತು. (ಅವತ್ತೂ ಒಂದು ಹಸು ಅಡ್ಡ ಬಂತು ಅನ್ನಿ!) ಇದನ್ನು ಎರಡು ಮಾತಿನಲ್ಲಿ ಮುಗಿಸಿ. ಗಾಡಿಯೊಳಗೆ ಕೂತವರ ಬಗ್ಗೆ ಇಷ್ಟು ಚಿಂತಿಸುವವರು ದಿನಾ ಹಳಿ ದಾಟುವ ತಮ್ಮ ಕಾಲಿನ ಬಗ್ಗೆ ಕೇಳುವುದು ಕಡಿಮೆ.

ಹಳಿ ದಾಟುವ ವಿಷಯದಲ್ಲಿ ಭಾಷಣ ನಡೆಯುವುದಿಲ್ಲ, ಲೆಕ್ಕ ನಡೆಯುತ್ತದೆ. ಶಾಲೆ ಮೈದಾನದಲ್ಲಿ ಸುಣ್ಣದ ಪುಡಿಯಿಂದ 11 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಜೋಡಿ ಹಳಿಯನ್ನು ಈ ಬದಿಯಿಂದ ಆ ಬದಿಗೆ ದಾಟಲು ಹೆಚ್ಚುಕಡಿಮೆ ಅಷ್ಟು ಬೇಕು. ಹುಲ್ಲಿನ ಹೊರೆ ಹೊತ್ತವರೊಬ್ಬರನ್ನು ನಡೆಸಿ, ಉಳಿದವರಿಂದ ಜೋರಾಗಿ ಎಣಿಸಿ. 11 ಸೆಕೆಂಡ್ ಆಸುಪಾಸು ಬರುತ್ತದೆ. ಈಗ ಗಾಡಿಯ ಲೆಕ್ಕ: 500 ಮೀಟರ್ ದೂರದಲ್ಲಿ ಕಂಡ ರೈಲು 60 ಕಿ.ಮೀ. ವೇಗದಲ್ಲಿದ್ದರೆ ಮುಟ್ಟಲು 30 ಸೆಕೆಂಡ್, 130ರಲ್ಲಿದ್ದರೆ 14, ಅಂದರೆ ದಾಟಿ ಮಿಕ್ಕುವುದು ಮೂರೇ ಸೆಕೆಂಡ್. ಸೀರೆಯ ಸೆರಗು ಸರಿಮಾಡಿಕೊಳ್ಳಲು ನಿಂತರೂ ಆ ಮೂರು ಸೆಕೆಂಡ್ ಹೋಯಿತು.

ಕಣ್ಣಿನ ಮೋಸವನ್ನೂ ಹೇಳಲೇಬೇಕು. ದೊಡ್ಡ ವಸ್ತು ಇರುವುದಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ಕಾಣುತ್ತದೆ. ನೇರ ಎದುರಿಗೆ ಬರುವ ರೈಲಂತೂ ನಿಂತಲ್ಲೇ ನಿಂತಂತೆ ತೋರಿ, ಕೊನೆ ಗಳಿಗೆಯಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ಡೀಸೆಲ್ ಎಂಜಿನ್ನಿನ ಗುಡುಗು ಕೇಳಿ ಪಳಗಿದ ಕಿವಿಗೆ ಕರೆಂಟಿನ ಗಾಡಿ ಬಂದದ್ದು ತಡವಾಗಿ ತಿಳಿಯುತ್ತದೆ. ಅದಕ್ಕೇ ಕಂಬ ಎಣಿಸುವುದನ್ನು ಕಲಿಸಿ: ಹಳಿ ಪಕ್ಕದ ಕರೆಂಟ್ ಕಂಬಗಳ ನಡುವೆ ಸುಮಾರು 50–60 ಮೀಟರ್, 130ರಲ್ಲಿ ಕಂಬಕ್ಕೆ ಒಂದೂವರೆ ಸೆಕೆಂಡ್. ಹತ್ತು ಕಂಬದೊಳಗೆ ಗಾಡಿ ಕಂಡರೆ ಕಾಲಿಡುವ ಮಾತೇ ಇಲ್ಲ. ಒಂದು ಗಾಡಿ ಹೋದ ತಕ್ಷಣ ನುಗ್ಗುವುದಂತೂ ಇನ್ನೂ ಕೆಟ್ಟದ್ದು, ಅದರ ಹಿಂದೆ ಪಕ್ಕದ ಹಳಿಯ ಗಾಡಿ ಮರೆಯಾಗಿರುತ್ತದೆ.

ಅನುಮತಿಯಿಲ್ಲದೆ ಹಳಿಗೆ ಕಾಲಿಟ್ಟರೆ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ ಎಂದು ಶುರುಮಾಡಿದರೆ ಹಿಂದಿನ ಸಾಲು ಎದ್ದು ಹೋಗುತ್ತದೆ. ಸಭೆಗೆ ಮುಂಚೆ ಊರಿನ ಅಂಡರ್‌ಪಾಸ್ ನೋಡಿಬನ್ನಿ. ಮಳೆಗಾಲದಲ್ಲಿ ಅಲ್ಲಿ ಮೊಣಕಾಲುದ್ದ ನೀರು ನಿಂತಿದ್ದರೆ ಜನ ಹಳಿ ಹತ್ತಿಯೇ ಹತ್ತುತ್ತಾರೆ. ಪಂಪ್ ಯಾರು ಹಾಕಿಸುತ್ತಾರೆ, ಯಾವತ್ತು ಎನ್ನುವುದಕ್ಕೆ ಉತ್ತರ ಇಟ್ಟುಕೊಂಡೇ ಮೈಕ್ ಹಿಡಿಯಿರಿ.