ಎರೆ ಬಯಲಿನಿಂದ ಹಿನ್ನೀರಿನವರೆಗೆ

ಅಘನಾಶಿನಿಯ ಅಳಿವೆಯಲ್ಲಿ ಹಕ್ಕಿ ನೋಡುತ್ತಲೇ ಬೆಳೆದ ನನ್ನ ಗೆಳೆಯನಿಗೆ ಸಿರುಗುಪ್ಪದ ಎರೆ ಬಯಲನ್ನು, ಎಂದರೆ ಕಪ್ಪು ಮಣ್ಣಿನ ಬಯಲನ್ನು, ತೋರಿಸಬೇಕೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು. ಕಡಲು ಇಳಿದಾಗ ತೆರೆದುಕೊಳ್ಳುವ ಕೆಸರು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಅಂಚು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳು, ಚಳಿಗಾಲದಲ್ಲಿ ಅಲ್ಲಿಗೆ ಬಂದಿಳಿಯುವ ಗೊರವಗಳು, ಇವೆಲ್ಲ ಅವನಿಗೆ ಮನೆಯಂಗಳದಷ್ಟು ಪರಿಚಿತ. ನೀರಿಲ್ಲದ ಬಯಲಿನಲ್ಲೂ ಅಷ್ಟೇ ತುಂಬಿದ ಹಕ್ಕಿಬದುಕು ಇರುತ್ತದೆಂಬುದನ್ನು ಅವನು ಓದಿ ಬಲ್ಲವನೇ ಹೊರತು ಕಂಡವನಲ್ಲ. ಸಂಕ್ರಾಂತಿ ಮುಗಿದ ಮೇಲೆ ಅವನು ಬಳ್ಳಾರಿಗೆ ಬಂದಾಗ, ಒಂದು ದಿನ ಬೆಳಕು ಹರಿಯುವ ಮೊದಲೇ ಸಿರುಗುಪ್ಪದ ದಾರಿ ಹಿಡಿದೆವು.

ನಾವು ಹೋದ ಊರಿನ ಹೆಸರನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಕರ್ನಾಟಕದಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಬೆರಳೆಣಿಕೆಯಷ್ಟಾದರೂ ಉಳಿದುಕೊಂಡ ನೆಲೆಯೆಂದರೆ ಈ ತಾಲ್ಲೂಕಿನ ಮಳೆಯಾಶ್ರಿತ ಸೀಮೆ. ಹೆಸರು ಹೊರಬಿದ್ದರೆ ಕ್ಯಾಮೆರಾ ಹಿಡಿದ ಜನ ಹೊಲ ತುಳಿಯತೊಡಗುತ್ತಾರೆ, ಮೊಟ್ಟೆಯ ಮೇಲೆ ಕೂತ ಹಕ್ಕಿ ಎದ್ದು ಹೋಗುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆ, ನಡುನಡುವೆ ಹಾಗೇ ಬಿಟ್ಟ ಬೀಳು, ಆ ಬೀಳಿನಲ್ಲಿ ಮೊಣಕಾಲೆತ್ತರಕ್ಕೆ ಬೆಳೆದು ಒಣಗಿ ಹಳದಿಯಾದ ಹುಲ್ಲು: ಕಣ್ಣು ಹಾಯುವಷ್ಟು ದೂರ ಮರವೇ ಇರಲಿಲ್ಲ. ಮೊದಲ ಅರ್ಧ ಗಂಟೆ ಗೆಳೆಯನ ಬೈನಾಕ್ಯುಲರ್ ಸುಮ್ಮನೆ ತಿರುಗುತ್ತಿತ್ತು. ಇಲ್ಲಿಯ ಹಕ್ಕಿಗಳು ಕೆಸರಿನ ಮೇಲೆ ಎದ್ದು ಕಾಣುವಂಥವಲ್ಲ, ನೆಲದ ಬಣ್ಣವನ್ನೇ ಹೊದ್ದಂಥವು. ಹೆಂಟೆಯೆಂದುಕೊಂಡದ್ದು ಇದ್ದಕ್ಕಿದ್ದಂತೆ ನಾಲ್ಕು ಹೆಜ್ಜೆ ಓಡಿ ನಿಂತಾಗಲೇ ಅದು ನೆಲಗುಬ್ಬಿಯೆಂದು ತಿಳಿಯುವುದು.

ಬಿಸಿಲು ಏರತೊಡಗಿದಾಗ ಒಂದು ಕೃಷಿ ಹೊಂಡದಿಂದ ಸಾಕಷ್ಟು ದೂರದಲ್ಲಿ, ಬದುವಿನ ಮರೆಯಲ್ಲಿ ಕುಳಿತೆವು. ಸೂರ್ಯ ಹುಟ್ಟಿ ಎರಡು ಗಂಟೆಯಾಗುತ್ತಲೇ ಸ್ಯಾಂಡ್‌ಗ್ರೌಸ್‌ಗಳು ನೀರಿಗೆ ಬರುತ್ತವೆ. ಒಣ ಕಾಳನ್ನೇ ತಿಂದು ಬದುಕುವ ಈ ಹಕ್ಕಿಗಳಿಗೆ ದಿನವೂ ನೀರು ಬೇಕೇ ಬೇಕು. ಗಂಟಲಲ್ಲಿ ಗುಳುಗುಳು ಸದ್ದು ಮಾಡುತ್ತ ಒಂದು ಗುಂಪು ಮೇಲೆ ಸುತ್ತು ಹಾಕಿ, ನೀರಿನಿಂದ ತುಸು ದೂರಕ್ಕೆ ಇಳಿದು, ಕತ್ತು ಚಾಚಿ ಅತ್ತಿತ್ತ ನೋಡಿ, ಕುಳ್ಳ ಕಾಲುಗಳಲ್ಲಿ ದಡದವರೆಗೆ ನಡೆದು ಬಂದಿತು. ಎಲ್ಲವೂ ಆತುರದಿಂದ ಕುಡಿದು ಹಾರಿಹೋದವು. ಒಂದು ಗಂಡು ಮಾತ್ರ ಹೊಟ್ಟೆ ಮುಳುಗುವಷ್ಟು ನೀರಿಗಿಳಿದು, ಎದೆಯ ಗರಿಗಳನ್ನು ಉಬ್ಬಿಸಿ, ಮೈಯನ್ನು ಮೇಲೆ ಕೆಳಗೆ ಕುಲುಕುತ್ತ ನಿಂತಿತು. ಅದರ ಹೊಟ್ಟೆಯ ಗರಿಗಳ ಎಳೆಗಳು ನೀರನ್ನು ಹೀರಿ ಹಿಡಿದುಕೊಳ್ಳುವಂಥವು. ಹಾರಲಾರದ ಮರಿಗಳು ಎಲ್ಲೋ ಹುಲ್ಲಿನಲ್ಲಿ ಕಾದಿರುತ್ತವೆ; ತಂದೆ ಮರಳಿದ ಮೇಲೆ ಅವು ಆ ಒದ್ದೆ ಗರಿಗಳನ್ನೇ ಕೊಕ್ಕಿನಿಂದ ಎಳೆದು ನೀರು ಕುಡಿಯುತ್ತವೆ. ಗಂಡು ಎದ್ದು ಹಾರಿದಾಗ ಹೊಟ್ಟೆಯಿಂದ ಎರಡು ಮೂರು ಹನಿ ಉದುರಿದ್ದು ಬೆಳಕಿಗೆ ಎದುರಾಗಿ ಸ್ಪಷ್ಟವಾಗಿ ಕಂಡಿತು. ಗೆಳೆಯ ಬಹಳ ಹೊತ್ತು ಮಾತೇ ಆಡಲಿಲ್ಲ.

ಆ ಮೇಲೆ ಹುಲ್ಲಿನ ಮೇಲೆ ತೇಲುತ್ತ ಬಂದ ಮಾಂಟೆಗೂ ಹ್ಯಾರಿಯರ್ ಎಂಬ ಬೇಟೆಹಕ್ಕಿಯ ಗಂಡು ನಮ್ಮನ್ನು ಇನ್ನೊಂದು ಗಂಟೆ ಅಲ್ಲೇ ಹಿಡಿದು ನಿಲ್ಲಿಸಿತು. ಬೂದು ಮೈ, ರೆಕ್ಕೆಯ ಮೇಲೆ ಕಪ್ಪು ಗೆರೆ. ರೆಕ್ಕೆಗಳನ್ನು ಇಂಗ್ಲಿಷಿನ ವಿ ಆಕಾರಕ್ಕೆ ಎತ್ತಿ ಹಿಡಿದು, ನೆಲಕ್ಕೆ ಹತ್ತಿರದಲ್ಲೇ ಹೊಲದ ಸಾಲು ಸಾಲನ್ನೂ ಜಾಲಾಡುತ್ತ ಮಿಡತೆ ಹುಡುಕುತ್ತದೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಇಲ್ಲಿಗೆ ಬರುವ ಈ ಹಕ್ಕಿ ರಾತ್ರಿ ಮಲಗುವುದೂ ನೆಲದ ಮೇಲೆ, ಹುಲ್ಲಿನ ನಡುವೆ, ಗುಂಪಾಗಿ. ಹುಲ್ಲು ಇಲ್ಲವಾದರೆ ಇದು ಮರ ಹುಡುಕಿಕೊಂಡು ಹೋಗುವುದಿಲ್ಲ. ಬೀಳು ನೆಲದಲ್ಲಿ ಗಿಡ ನೆಡುವುದೆಲ್ಲ ಒಳ್ಳೆಯ ಕೆಲಸವೇ ಎಂದು ನಂಬಿದವರಿಗೆ ನಾನು ಮತ್ತೆ ಮತ್ತೆ ಹೇಳುವ ಮಾತಿದು. ಎರೆಭೂತಕ್ಕೆ ಹೆಸರಾಗಿದ್ದ ರಾಣೆಬೆನ್ನೂರಿನ ಬಯಲಿನಲ್ಲಿ ನೀಲಗಿರಿ ನೆಟ್ಟದ್ದು ಆ ಹಕ್ಕಿಗೆ ಉಪಕಾರವಾಗಲಿಲ್ಲ.

ಎರೆಭೂತ ಆ ದಿನ ನಮಗೆ ಕಾಣಲಿಲ್ಲ. ಕಂಬಳಿ ಹೊದ್ದು ಕುರಿ ಬಿಟ್ಟುಕೊಂಡು ಬಂದ ಹಿರಿಯರೊಬ್ಬರನ್ನು ಕೇಳಿದಾಗ, "ನಾ ಸಣ್ಣಾವಿದ್ದಾಗ ಜ್ವಾಳದ ಹೊಲದಾಗ ಅಡ್ಡಾಡತಿದ್ವು. ಆಕಡೆ ನೀರು ಬಂತು, ನೆಲ್ಲು ಹಚ್ಚಿದ್ರು, ಅವು ಈಕಡೆ ಸರಿದ್ವು. ಇನ್ನ ಎಲ್ಲಿಗಿ ಸರೀಬೇಕು?" ಎಂದರು. ಗಂಡು ಸುಮಾರು ಒಂದು ಮೀಟರ್ ಎತ್ತರ, ತೂಕ 15 ಕಿಲೋವರೆಗೂ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರಿದ್ದು. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ಎದುರಿನದನ್ನು ನೇರವಾಗಿ ಕಾಣುವ ದೃಷ್ಟಿ ಇದಕ್ಕೆ ಕಡಿಮೆಯಾದ್ದರಿಂದ, ಹಾರುವಾಗ ವಿದ್ಯುತ್ ತಂತಿ ಅಡ್ಡ ಬಂದರೆ ಈ ಭಾರದ ಮೈಯನ್ನು ತಕ್ಷಣ ತಿರುಗಿಸಲಾಗದೆ ಬಡಿದು ಸಾಯುತ್ತದೆ. ಪಕ್ಷಿತಜ್ಞ ಸಲೀಂ ಅಲಿಯವರು ರಾಷ್ಟ್ರಪಕ್ಷಿಯಾಗಲಿ ಎಂದು ಸೂಚಿಸಿದ್ದ ಹಕ್ಕಿ ಇದು; 1963ರಲ್ಲಿ ಆ ಸ್ಥಾನ ನವಿಲಿಗೆ ಹೋಯಿತು.

ಮಧ್ಯಾಹ್ನ ತೆಕ್ಕಲಕೋಟೆಯ ಕಡೆ ತಿರುಗುತ್ತಿದ್ದಂತೆ ನೆಲದ ಚಹರೆಯೇ ಬದಲಾಯಿತು. ಕಾಲುವೆಯ ಈಚೆ ಒಣಗಿದ ಎರೆ, ಆಚೆ ಎರಡನೆಯ ಬೆಳೆಗೆಂದು ಕೆಸರು ಮಾಡಿದ ಗದ್ದೆ. ಟ್ರ್ಯಾಕ್ಟರ್ ಹಿಂದೆ ಬೆಳ್ಳಕ್ಕಿಗಳ ಸಾಲು, ನೀರು ನಿಂತಲ್ಲಿ ಮೆಟ್ಟುಗಾಲು ಹಕ್ಕಿಗಳು, ಬದುವಿನ ಬಳಿ ಬಸವನಹುಳು ಹೆಕ್ಕುವ ಬಾಯ್ಕಳಕ ಕೊಕ್ಕರೆಗಳು. ಗೆಳೆಯನ ಮುಖ ಅರಳಿತು. ಗದ್ದೆ ಗೊರವವನ್ನು ಅವನು ಕೂಗಿನಿಂದಲೇ ಗುರುತಿಸಿದ. ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತದ್ದು 1953ರಲ್ಲಿ. ಅದಕ್ಕೆ ಮುಂಚೆ ಬಹುಮಟ್ಟಿಗೆ ಮಳೆಯನ್ನೇ ನಂಬಿದ್ದ ಈ ಸೀಮೆ ಕ್ಷಾಮಗಳನ್ನು ಕಂಡದ್ದು, ಈ ನೀರಿನಿಂದಲೇ ಸಿರುಗುಪ್ಪ ಭತ್ತದ ಕಣಜವಾದದ್ದು. ಇಂಥ ನೀರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ಕೊಕ್ಕರೆಗಳನ್ನು ಕರೆತಂದ ಈ ಕಾಲುವೆಯೇ ಎರೆಭೂತದ ಬಯಲನ್ನು ಕಿರಿದಾಗಿಸಿತೆಂಬುದೂ ನಿಜ, ಮತ್ತು ಒಂದರ ಲಾಭವನ್ನು ಇನ್ನೊಂದರ ಲೆಕ್ಕಕ್ಕೆ ಜಮೆ ಮಾಡಲಾಗದು: ನೀರಹಕ್ಕಿಗೆ ಇನ್ನೊಂದು ಗದ್ದೆ ಸಿಗುತ್ತದೆ, ಎರೆಭೂತಕ್ಕೆ ಇನ್ನೊಂದು ಬಯಲಿಲ್ಲ.

ಕಂಪ್ಲಿಯಲ್ಲಿ ಹೊಳೆ ದಾಟಿ, ಗಂಗಾವತಿಯ ಮೇಲೆ ಹಾದು, ಇಳಿಹೊತ್ತಿಗೆ ಕೊಪ್ಪಳದ ಕಡೆಯ ಹಿನ್ನೀರು ಸೇರಿದೆವು. ನೀರು ಹಿಂದೆ ಸರಿದು ಬಿಟ್ಟ ಮೆಕ್ಕಲು ಮಣ್ಣಿನಲ್ಲಿ ಕಡಲೆ ಹಸಿರಾಗಿತ್ತು. ಆಚೆ ಪಟ್ಟೆತಲೆ ಹೆಬ್ಬಾತುಗಳು ತಲೆಯನ್ನು ರೆಕ್ಕೆಯಡಿ ಹುದುಗಿಸಿ ನಿದ್ರಿಸುತ್ತಿದ್ದವು. ಹಿಮಾಲಯವನ್ನು ಹಾರಿ ದಾಟಿ ಬರುವ ಇವು ಹಗಲೆಲ್ಲ ನೀರಿನಂಚಿನಲ್ಲಿ ದಣಿವಾರಿಸಿಕೊಂಡು, ಕತ್ತಲಾದ ಮೇಲೆ ಹೊಲಗಳಿಗೆ ಮೇಯಲು ಹೋಗುತ್ತವೆ. ಕೆಸರಿನಲ್ಲಿ ಓಡಾಡುತ್ತಿದ್ದ ಪುಟ್ಟ ಕೆಂಟಿಷ್ ಪ್ಲೋವರ್‌ಗಳನ್ನು ಕಂಡು ಗೆಳೆಯ, ತನ್ನ ಕಡಲ ದಂಡೆಯ ಹಕ್ಕಿ ಇಷ್ಟು ಒಳನಾಡಿನಲ್ಲೂ ಇದೆಯಲ್ಲ ಎಂದು ಸಂತೋಷಪಟ್ಟ.

ಅಲ್ಲೇ ಚಹಾ ಕುಡಿಯುತ್ತ ಕೂತಾಗ ಮಾತು ರಾಮ್ಸರ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯ ಕಡೆಗೆ ಹೊರಳಿತು. 2024ರ ಜನವರಿಯಲ್ಲಿ ಅವನ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ನಮ್ಮ ಪಕ್ಕದ ಅಂಕಸಮುದ್ರ ಮೂರೂ ಒಟ್ಟಿಗೆ ಆ ಪಟ್ಟಿಗೆ ಸೇರಿದವು. ಆ ಒಪ್ಪಂದ ಇರುವುದು ಜೌಗು ನೆಲಗಳಿಗೆ. ಹುಲ್ಲುಗಾವಲಿಗೆ ಅಂಥ ಪಟ್ಟಿಯಿಲ್ಲ, ಕಂದಾಯದ ಕಡತದಲ್ಲಿ ಅದು ಪಾಳು ಭೂಮಿ. ಸಿರುಗುಪ್ಪದ ಉಳಿದ ಎರೆಗೆ ಬೇಕಾದದ್ದು ಬೇಲಿಯಲ್ಲ ಎಂದು ನಾವಿಬ್ಬರೂ ಒಪ್ಪಿದೆವು. ಮಳೆ ನೆಚ್ಚಿ ಜೋಳ, ಕಡಲೆ ಬೆಳೆಯುವ ರೈತನಿಗೆ ಆ ಬೆಳೆಯನ್ನೇ ಮುಂದುವರಿಸುವಂತೆ ಒಳ್ಳೆಯ ಬೆಲೆ ಸಿಗಬೇಕು, ಕುರಿಗಾರರಿಗೆ ಬೀಳು ತೆರೆದಿರಬೇಕು, ಆ ಕೆಲವು ಊರುಗಳ ಮೇಲೆ ಹಾಯುವ ತಂತಿ ನೆಲದಡಿಗೆ ಇಳಿಯಬೇಕು. ಮಳೆಗಾಲದಲ್ಲಿ, ಗಂಡು ಎರೆಭೂತ ಕೊರಳ ಚೀಲ ಉಬ್ಬಿಸಿ ಕೂಗುವ ಹೊತ್ತಿಗೆ, ಗೆಳೆಯ ಮತ್ತೆ ಬರುತ್ತಾನೆ. ಅಷ್ಟರೊಳಗೆ ಆ ಊರಿನ ರೈತರೊಂದಿಗೆ ಕೂತು ಮಾತಾಡುವ ಕೆಲಸ ನನ್ನದು.