ಏರ್ ರೈಫಲ್ ಮರುಜೋಡಣೆ: ಅರ್ಧ ದಾರಿಯಲ್ಲಿ ನಿಂತ ಪಿಸ್ಟನ್

ಹೊಸ ಏರ್ ರೈಫಲ್ ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವ ಕೆಲಸ ಪಿಸ್ಟನ್ ಹತ್ತಿರ ಬಂದು ನಿಂತುಬಿಟ್ಟಿತ್ತು. ಈ ವಾರ ಅದು ಬಗೆಹರಿಯಿತು. ಎಲ್ಲಿ ಸಿಕ್ಕಿಕೊಂಡಿತ್ತು, ಹೇಗೆ ಪತ್ತೆಯಾಯಿತು ಅನ್ನೋದನ್ನು ಬರೆದಿಡುತ್ತೇನೆ. ಇಂಥದೇ ಗನ್ ಇರುವವರಿಗೆ ಕೆಲಸಕ್ಕೆ ಬರಬಹುದು.

ಗನ್ 0.177 ಬೋರಿನದು, ಅಂದರೆ 4.5 ಮಿ.ಮೀ. ಬ್ಯಾರಲ್ ಬಗ್ಗಿಸಿ ಕಾಕ್ ಮಾಡುವ, ಅಂದರೆ ಒಳಗಿನ ಸ್ಪ್ರಿಂಗನ್ನು ಒತ್ತಿ ನಿಲ್ಲಿಸುವ ಸ್ಪ್ರಿಂಗ್ ಗನ್. ಟ್ರಿಗರ್ ಎಳೆದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಅದು ಒತ್ತಿದ ಗಾಳಿ ಪೆಲೆಟ್ಟನ್ನು, ಅಂದರೆ ಸಣ್ಣ ಗುಂಡನ್ನು, ಹೊರಗೆ ತಳ್ಳುತ್ತದೆ. ಶಕ್ತಿ 20 ಜೂಲ್ ದಾಟುವುದಿಲ್ಲ, ಹಾಗಾಗಿ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಹೊಡೆಯುವುದು ಕ್ಲಬ್‌ನ 10 ಮೀಟರ್ ರೇಂಜಿನಲ್ಲಿ ಮಾತ್ರ. ಬೆಂಗಳೂರಿನ ಟೆರೇಸ್ ಮೇಲೆ ಅಭ್ಯಾಸ ಮಾಡುವ ಯೋಚನೆಯನ್ನು ಯಾರೂ ಮಾಡಬೇಡಿ. ಅಕ್ಕಪಕ್ಕದ ಕಿಟಕಿಗಳು ಎಷ್ಟು ಹತ್ತಿರ ಇರುತ್ತವೆ ಅಂತ ಗೊತ್ತಲ್ವಾ.

ಹೊಸದನ್ನು ಯಾಕೆ ಬಿಚ್ಚಬೇಕು ಅಂತ ಕೇಳಬಹುದು. ಪ್ರತಿ ಸಲ ಹೊಡೆದಾಗಲೂ ಬ್ಯಾರಲ್‌ನಿಂದ ಹೊಗೆ ಬರುತ್ತಿತ್ತು, ಸುಟ್ಟ ಎಣ್ಣೆಯ ವಾಸನೆ ಬೇರೆ. ಫ್ಯಾಕ್ಟರಿಯಲ್ಲಿ ಹಾಕಿದ ಗ್ರೀಸ್ ಪಿಸ್ಟನ್ ಮುಂದೆ ಸೇರಿಕೊಂಡರೆ ಹೀಗಾಗುತ್ತದೆ. ಪಿಸ್ಟನ್ ನುಗ್ಗಿದಾಗ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಇಂಜಿನ್ ಓಡುವುದೂ ಇದೇ ರೀತಿ. ಇದರಿಂದ ಪಿಸ್ಟನ್ ತುದಿಯಲ್ಲಿ ಗಾಳಿ ತಡೆಯುವ ಸೀಲ್ ಹಾಳಾಗುತ್ತದೆ, ಪೆಲೆಟ್ಟಿನ ವೇಗ ಒಂದೊಂದು ಸಲ ಒಂದೊಂದು ಥರ ಆಗುತ್ತದೆ. ಪಂದ್ಯದ 10 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಮಿ.ಮೀ. ನಾನು ಪಂದ್ಯಕ್ಕೆ ಹೋಗುವವನಲ್ಲ, ಆದರೂ ವೇಗ ಒಂದೇ ಸಮ ಇರದ ಗನ್‌ನಲ್ಲಿ ಏನು ಕಲಿಯೋದು? ಬಿಚ್ಚಿದರೆ ವಾರಂಟಿ ಹೋಗುತ್ತದೆ ಅಂತ ಚೀಟಿಯಲ್ಲೇ ಇತ್ತು. ಓದಿಕೊಂಡೇ ಕೈ ಹಾಕಿದೆ.

ಭಾನುವಾರ ಬೆಳಿಗ್ಗೆ

ಬಿಚ್ಚುವುದು ಕಷ್ಟವಾಗಲಿಲ್ಲ. ಮೊದಲು ಬ್ಯಾರಲ್‌ನಲ್ಲಿ ಪೆಲೆಟ್ ಇಲ್ಲ, ಗನ್ ಕಾಕ್ ಆಗಿಲ್ಲ ಅಂತ ಎರಡೆರಡು ಸಲ ನೋಡಿಕೊಂಡೆ. ಒಳಗಿನ ಸ್ಪ್ರಿಂಗ್ ಸುಮ್ನೆ ಇದ್ದಾಗಲೂ ಒತ್ತಡದಲ್ಲೇ ಇರುತ್ತದೆ. ಹಿಂದಿನ ಪಿನ್ ಬರಿಗೈಯಲ್ಲಿ ಎಳೆದರೆ ಟ್ರಿಗರ್ ಬ್ಲಾಕ್ ಹಾರಿ ಮುಖಕ್ಕೆ ಬಡಿಯಬಹುದು. ಉದ್ದದ ಹಲಗೆಗೆ ಕ್ಲ್ಯಾಂಪ್ ಜೋಡಿಸಿ, ಬ್ಲಾಕನ್ನು ಒತ್ತಿ ಹಿಡಿದು, ಆಮೇಲೆ ಪಿನ್ ತೆಗೆದು, ಕ್ಲ್ಯಾಂಪನ್ನು ನಿಧಾನವಾಗಿ ಸಡಿಲಿಸಿದೆ. ಕಣ್ಣಿಗೆ ಕನ್ನಡಕ ಇರಲೇಬೇಕು.

ಪಿಸ್ಟನ್ ಓಡಾಡುವ ಟ್ಯೂಬ್ ಒಳಗೆ ಗ್ರೀಸ್ ಮೆತ್ತಿಕೊಂಡಿತ್ತು. ಎಸ್‌ಪಿ ರೋಡ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮಾರುವ ಐಸೋಪ್ರೊಪೈಲ್ ಆಲ್ಕೋಹಾಲ್ ಇತ್ತು. ಅದರಲ್ಲಿ ಬಟ್ಟೆ ಅದ್ದಿ, ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ ಒರೆಸಿದೆ.

ಮತ್ತೆ ಪಿಸ್ಟನ್ ಹಾಕುವಾಗ ತೊಂದರೆ ಶುರುವಾಯಿತು. ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿ ಟಕ್ ಅಂತ ನಿಂತಿತು. ಹಿಂದೆ ಎಳೆದರೆ ಸಲೀಸಾಗಿ ಬರುತ್ತದೆ, ಮುಂದಕ್ಕೆ ಮಾತ್ರ ಒಂದು ಕೂದಲಷ್ಟೂ ಹೋಗುವುದಿಲ್ಲ.

ಮರದ ಸುತ್ತಿಗೆಯಿಂದ ಒಂದು ಏಟು ಕೊಟ್ಟರೆ ಹೋಗುತ್ತಿತ್ತೇನೋ. ಕೊಡಲಿಲ್ಲ. ಮೇಲಿನ ಮನೆಯ ಅಂಕಲ್ ಜಾಲಹಳ್ಳಿಯ ಎಚ್‌ಎಂಟಿ ಟೂಲ್ ರೂಮಿನಲ್ಲಿ ಇದ್ದವರು. ಅವರನ್ನು ಕರೆದೆ. ಬಂದು, ಪಿಸ್ಟನ್ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ನೋಡಿದರು.

“ಬಲ ಹಾಕ್ಬೇಡಪ್ಪ. ಒಂದೇ ಜಾಗದಲ್ಲಿ ನಿಲ್ತಿದೆ ಅಂದ್ರೆ ಅಲ್ಲಿ ಏನೋ ಇದೆ. ಮೊದ್ಲು ಆ ಜಾಗ ಗುರುತು ಮಾಡು.”

ಪಿಸ್ಟನ್ ನಿಂತಲ್ಲಿ, ಟ್ಯೂಬಿನ ಹಿಂದಿನ ಅಂಚಿಗೆ ಸರಿಯಾಗಿ ಪಿಸ್ಟನ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದೆವು. ಹೊರಗೆ ತೆಗೆದು, ಗೆರೆ ಅದೇ ಅಂಚಿಗೆ ಬರುವ ಹಾಗೆ ಟ್ಯೂಬಿನ ಪಕ್ಕದಲ್ಲಿ ಇಟ್ಟೆವು. ಸೀಲ್ ಇದ್ದ ಕಡೆ ನೋಡಿದರೆ, ಕಾಕಿಂಗ್ ಸ್ಲಾಟ್ ಮುಗಿಯುವ ಜಾಗ.

ಟ್ಯೂಬಿನ ಕೆಳಗೆ ಕಾಕಿಂಗ್ ಲಿವರ್ ಓಡಾಡಲು ಉದ್ದಕ್ಕೆ ಸೀಳಿರುತ್ತಾರೆ. ಅದೇ ಕಾಕಿಂಗ್ ಸ್ಲಾಟ್. ಸೀಲಿನ ಅಂಚು ಬಟ್ಟಲಿನ ಬಾಯಿಯ ಹಾಗೆ ಹೊರಕ್ಕೆ ಅಗಲಿರುತ್ತದೆ, ಗಾಳಿ ಹಿಂದಕ್ಕೆ ಸೋರದಿರಲಿ ಅಂತ. ಸ್ಲಾಟ್ ಮೇಲೆ ಹೋಗುವಾಗ ಆ ಅಂಚು ಸ್ವಲ್ಪ ಕೆಳಗೆ ಉಬ್ಬುತ್ತದೆ. ಸ್ಲಾಟ್ ಮುಗಿದು ಟ್ಯೂಬ್ ಮತ್ತೆ ಪೂರ್ತಿ ದುಂಡಾಗುವ ಕಡೆ, ಉಬ್ಬಿದ ಭಾಗ ಲೋಹದ ಅಂಚಿಗೆ ತಗಲಿ ನಿಲ್ಲುತ್ತದೆ.

ಇದು ಊಹೆ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಸೀಲ್ ಬಿಚ್ಚಿ ಬರೀ ಪಿಸ್ಟನ್ ಹಾಕಿದೆವು. ಕೊನೆವರೆಗೂ ಹೋಯಿತು. ಅಂದರೆ ಟ್ಯೂಬ್ ಸೊಟ್ಟಗಿಲ್ಲ, ಪಿಸ್ಟನ್ ದಪ್ಪವಾಗಿಲ್ಲ. ಆಮೇಲೆ ಅಂಕಲ್ ಒಂದು ಕಡ್ಡಿಗೆ ಹತ್ತಿ ಸುತ್ತಿ ಸ್ಲಾಟಿನ ಅಂಚಿನ ಮೇಲೆ ಎಳೆದರು. ಮುಂದಿನ ಮೂಲೆಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಬರ್ ಇತ್ತು, ಅಂದರೆ ಲೋಹ ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂಪು ಮುಳ್ಳು. ಮೆಷಿನ್‌ನಲ್ಲಿ ಸ್ಲಾಟ್ ಕೊರೆದ ಮೇಲೆ ಫ್ಯಾಕ್ಟರಿಯಲ್ಲಿ ಅದನ್ನು ತೆಗೆದಿರಲಿಲ್ಲ. ಸೀಲ್ ತಿರುಗಿಸಿ ನೋಡಿದರೆ ಅಂಚಿನಲ್ಲಿ ಒಂದು ಸಣ್ಣ ಸೀಳು. ಸುತ್ತಿಗೆಯಿಂದ ಹೊಡೆದಿದ್ದರೆ ಪಿಸ್ಟನ್ ಒಳಗೆ ಹೋಗುತ್ತಿತ್ತು, ಸೀಲಿನ ಒಂದು ಚೂರು ಕತ್ತರಿಸಿಕೊಂಡು ಅಲ್ಲೇ ಉಳಿಯುತ್ತಿತ್ತು. ಗಾಳಿ ಯಾಕೆ ಸೋರುತ್ತಿದೆ ಅಂತ ಆಮೇಲೆ ತಲೆ ಕೆಡಿಸಿಕೊಳ್ಳಬೇಕಿತ್ತು.

ಅದೇ ಸಂಜೆ

ಮೊದಲು ಟ್ಯೂಬಿನ ಮುಂಭಾಗಕ್ಕೆ ಗ್ರೀಸ್ ಹಚ್ಚಿದ ಬಟ್ಟೆ ತುರುಕಿದೆ. ಲೋಹದ ಪುಡಿ ಗಾಳಿ ಒತ್ತಿಕೊಳ್ಳುವ ಕಂಪ್ರೆಷನ್ ಚೇಂಬರಿಗೆ ಹೋದರೆ ಅಲ್ಲಿ ಗೀರು ಬೀಳುತ್ತದೆ. ಸಣ್ಣ ಅರ್ಧ ದುಂಡು ಅರದಿಂದ ಅಂಚಿನ ಚೂಪು ಮುರಿಯುವಷ್ಟು ಮಾತ್ರ ಉಜ್ಜಿದೆ. ಆಮೇಲೆ 400 ನಂಬರ್ ಎಮೆರಿ ಕಾಗದ, ಕೊನೆಗೆ ಇನ್ನೂ ನಯವಾದ 800. ಸ್ಲಾಟ್ ಅಗಲ ಮಾಡುವುದು ಇಲ್ಲಿ ಕೆಲಸವಲ್ಲ, ಚೂಪು ಹೋದರೆ ಸಾಕು. ಹತ್ತಿ ಎಲ್ಲೂ ಸಿಕ್ಕದ ಮೇಲೆ ನಿಲ್ಲಿಸಿದೆ. ಪಿನ್ ತೂತಿನ ಒಳ ಅಂಚಿನಲ್ಲೂ ಚಿಕ್ಕದೊಂದು ಬರ್ ಇತ್ತು, ಅದನ್ನೂ ತೆಗೆದೆ. ಸೀಲ್ ಈ ಅಂಚಿನ ಮೇಲೇ ಹಾದು ಒಳಗೆ ಹೋಗಬೇಕು.

ಮುಂದಿನ ವಾರ

ಹೊಸ ಸೀಲ್ ಬಂತು. ಈ ಸಲ ಸ್ಲಾಟಿನ ತುದಿಗೆ ಬಂದಾಗ, ಚೂಪಿಲ್ಲದ ಪ್ಲಾಸ್ಟಿಕ್ ಪಟ್ಟಿಯಿಂದ ಉಬ್ಬಿದ ಅಂಚನ್ನು ಮೆಲ್ಲಗೆ ಒಳಕ್ಕೆ ಒತ್ತಿ, ಇನ್ನೊಂದು ಕೈಯಿಂದ ಪಿಸ್ಟನ್ ತಳ್ಳಿದೆ. ಹೆಬ್ಬೆರಳಿನ ಬಲಕ್ಕೇ ಒಳಗೆ ಜಾರಿತು. ಎಷ್ಟು ಖುಷಿಯಾಯಿತು ಅಂದರೆ, ಮೆಟ್ಟಿಲು ಹತ್ತಿ ಹೋಗಿ ಅಂಕಲ್‌ಗೆ ಹೇಳಿ ಬಂದೆ.

ಸ್ಪ್ರಿಂಗ್ ಹಾಕುವ ಮೊದಲು ಒಂದು ಪರೀಕ್ಷೆ ಇದೆ. ಮುಂದೆ ಗಾಳಿ ಹೋಗುವ ತೂತನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ ತಳ್ಳಿ ಬಿಡಬೇಕು. ಗಾಳಿ ಒತ್ತಿಕೊಂಡು ಪಿಸ್ಟನ್ ಹಿಂದಕ್ಕೆ ಪುಟಿದರೆ ಸೀಲ್ ಸರಿಯಾಗಿ ಕೂತಿದೆ ಅಂತ ಅರ್ಥ. ಚೆನ್ನಾಗಿ ಪುಟಿಯಿತು.

ಗ್ರೀಸ್ ವಿಷಯದಲ್ಲಿ ಕೈ ಬಿಗಿ ಹಿಡಿದೆ. ಪಿಸ್ಟನ್ ಮೈಗೆ ಮಾಲಿಬ್ಡಿನಮ್ ಇರುವ ಕಪ್ಪು ಗ್ರೀಸ್, ತೆಳ್ಳಗೆ. ಸ್ಪ್ರಿಂಗಿಗೆ ಸ್ವಲ್ಪ ಗಟ್ಟಿ ಗ್ರೀಸ್. ಸೀಲ್ ಮುಂದೆ ಏನೂ ಇಲ್ಲ. ಕಾಕಿಂಗ್ ಲಿವರ್ ಕೂರುವ ಪಿಸ್ಟನ್ ಕಿಂಡಿ ಕೆಳಕ್ಕೇ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿಕೊಂಡೆ. ಹಿಂದಿನ ಪಿನ್ ಮೊದಲು ಹೋಗಲಿಲ್ಲ. ಕ್ಲ್ಯಾಂಪ್ ತಿರುಪನ್ನು ಒಂದಿಷ್ಟು ತಿರುಗಿಸಿದ್ದಕ್ಕೆ ತೂತುಗಳು ಒಂದಕ್ಕೊಂದು ಸೇರಿದವು, ಪಿನ್ ಕೈಯಲ್ಲೇ ಕೂತಿತು.

ಶನಿವಾರ ರೇಂಜಿಗೆ ಒಯ್ದೆ. ಮೊದಲ ಕೆಲವು ಪೆಲೆಟ್ಟುಗಳಿಗೆ ತುಸು ಹೊಗೆ ಬಂತು, ಆಮೇಲೆ ನಿಂತುಹೋಯಿತು. ಕಾಕ್ ಮಾಡುವಾಗ ಇದ್ದ ಕರಕರ ಸದ್ದೂ ಇಲ್ಲ. ಪೆಲೆಟ್ಟುಗಳು ಮೊದಲಿಗಿಂತ ಹತ್ತಿರ ಹತ್ತಿರ ಬೀಳುತ್ತಿವೆ, ಆದರೆ ಎಲ್ಲಾ ಒಂಚೂರು ಎಡಕ್ಕೆ. ಸೈಟ್ ತಿರುಪುಗಳಿಗೆ ಇನ್ನೂ ಕೈ ಹಾಕಿಲ್ಲ. ಹೊಸ ಸೀಲ್ ಪಳಗುವವರೆಗೆ ವೇಗ ಬದಲಾಗುತ್ತಿರುತ್ತದೆ, ಒಂದು ಡಬ್ಬಿ ಪೆಲೆಟ್ ಮುಗಿಯಲಿ ಅಂತ ಕಾಯುತ್ತಿದ್ದೇನೆ. ಬ್ಯಾರಲ್ ಬುಡ ಟ್ಯೂಬಿಗೆ ಕೂಡುವ ಕಡೆ ಇರುವ ಬ್ರೀಚ್ ಸೀಲ್ ಹತ್ತಿರ ಟಿಶ್ಯೂ ಪೇಪರ್ ಹಿಡಿದು ಹೊಡೆದಾಗ ಪೇಪರ್ ಸ್ವಲ್ಪ ಅಲುಗಾಡಿತು, ಅಂದರೆ ಅಲ್ಲಿ ಗಾಳಿ ಸೋರುತ್ತಿದೆ. ಮುಂದಿನ ಕೆಲಸ ಅದೇ.